ಕೊಳವೆಗೆ ದಕ್ಕಿದ ಕಸ, ಲೆಕ್ಕಕ್ಕೆ ದಕ್ಕದ ಕಸ: ಹಮ್ಮರ್‌ಬಿ ಶೋಸ್ಟಾಡ್ ಬಡಾವಣೆಯ ಒಂದು ಪ್ರಕರಣ ಅಧ್ಯಯನ

ಸ್ಟಾಕ್‌ಹೋಮ್ ನಡುನಗರದ ದಕ್ಷಿಣಕ್ಕೆ, ಹಮ್ಮರ್‌ಬಿ ಸರೋವರದ ದಡದಲ್ಲಿ ಎದ್ದಿರುವ ಹಮ್ಮರ್‌ಬಿ ಶೋಸ್ಟಾಡ್ ಬಡಾವಣೆಯನ್ನು ಕುರಿತು ಬರೆಯುವವರು ಬಹುತೇಕ ಅಲ್ಲಿನ ನೆಲದಡಿಯ ಕೊಳವೆಗಳಿಂದಲೇ ಮಾತು ಶುರುಮಾಡುತ್ತಾರೆ. ಅಂಗಳದ ದುಂಡು ಬಾಗಿಲೊಳಗೆ ಹಾಕಿದ ಕಸದ ಚೀಲವು ಗಾಳಿಯ ಸೆಳೆತಕ್ಕೆ ಸಿಕ್ಕಿ, ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿ, ಯಾರ ಕಣ್ಣಿಗೂ ಬೀಳದೆ ಓಡುವ ಚಿತ್ರ ಯಾರನ್ನಾದರೂ ಮರುಳುಮಾಡುವಂಥದ್ದು. ಈ ಅಧ್ಯಯನದಲ್ಲಿಯೂ ಕೊಳವೆಗೆ ಅದರ ಪಾಲಿನ ಜಾಗವಿದೆ. ಆದರೆ ಕಸವನ್ನು ಅಚ್ಚುಕಟ್ಟಾಗಿ ಸಾಗಿಸುವುದು ಒಂದು ಕೆಲಸ, ಕಸ ಹುಟ್ಟುವುದನ್ನೇ ಕಡಿಮೆ ಮಾಡುವುದು ಇನ್ನೊಂದು ಕೆಲಸ. ಸುಮಾರು 11,000 ಮನೆಗಳ, 25,000ದಷ್ಟು ಜನರ ಈ ಬಡಾವಣೆಯಲ್ಲಿ ಎರಡಕ್ಕೂ ಗುರಿಗಳನ್ನು ಬರೆದಿಡಲಾಗಿತ್ತು. ಮೊದಲನೆಯದು ನಕ್ಷೆಯಲ್ಲಿ ಮೂಡಿ ಕಟ್ಟಡದಲ್ಲಿ ಗಟ್ಟಿಯಾಗಿ ನಿಂತಿತು. ಎರಡನೆಯದು ನಡೆಯಿತೋ ಇಲ್ಲವೋ ಎಂದು ಹೇಳಬಲ್ಲ ಅಳತೆಯೇ ಸರಿಯಾಗಿ ಹುಟ್ಟಲಿಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದೇ ಇಲ್ಲಿನ ವಿಷಯ.

ಹಿನ್ನೆಲೆ

ಇಂದು ಕಾಲುವೆ, ಜೊಂಡು, ಮರದ ನಡೆದಾರಿಗಳ ನಡುವೆ ಮನೆಗಳಿರುವ ಈ ಜಾಗ 1990ರ ದಶಕದ ತನಕವೂ ಬಂದರು, ಗೋದಾಮು ಮತ್ತು ಸಣ್ಣ ಕೈಗಾರಿಕೆಗಳ ಪ್ರದೇಶವಾಗಿತ್ತು. ತಗಡಿನ ಶೆಡ್ಡುಗಳಲ್ಲಿ ನಡೆಯುತ್ತಿದ್ದ ಕಸುಬುಗಳು ದಶಕಗಳ ಕಾಲ ನೆಲಕ್ಕೆ ಇಳಿಸಿದ್ದ ಎಣ್ಣೆ, ಗ್ರೀಸ್ ಮತ್ತು ಭಾರಲೋಹಗಳನ್ನು ತೆಗೆಯದೆ ಅಲ್ಲಿ ಮನೆ ಕಟ್ಟುವಂತಿರಲಿಲ್ಲ. ಹಾಗಾಗಿ ಈ ಬಡಾವಣೆ ವಿಲೇವಾರಿ ಮಾಡಬೇಕಾದ ಮೊದಲ ಕಸ ಅದರ ಕಾಲಡಿಯ ಮಣ್ಣೇ ಆಗಿತ್ತು ಎಂದರೆ ತಪ್ಪಲ್ಲ.

2004ರ ಒಲಿಂಪಿಕ್ ಕ್ರೀಡಾಕೂಟವನ್ನು ನಡೆಸಲು ಸ್ಟಾಕ್‌ಹೋಮ್ ಹಕ್ಕು ಮಂಡಿಸಿತ್ತು, ಕ್ರೀಡಾಗ್ರಾಮ ಇಲ್ಲಿಯೇ ಏಳಬೇಕಿತ್ತು. ಪರಿಸರದ ವಿಷಯದಲ್ಲಿ ಉಳಿದ ನಗರಗಳಿಗಿಂತ ಒಂದು ಕೈ ಮೇಲೆ ಎಂದು ತೋರಿಸಿಕೊಳ್ಳುವ ಉದ್ದೇಶದಿಂದ, ಈ ಬಡಾವಣೆಗೆಂದೇ ರೂಪಿಸಿದ ಪರಿಸರ ಕಾರ್ಯಕ್ರಮವೊಂದನ್ನು ನಗರಸಭೆ 1996ರಲ್ಲಿ ಅಂಗೀಕರಿಸಿತು. ಅದರ ಘೋಷವಾಕ್ಯ ಬಹಳ ಸರಳವಾಗಿತ್ತು: ಆ ಕಾಲದ ಸಾಮಾನ್ಯ ಹೊಸ ಕಟ್ಟಡಗಳಿಗಿಂತ ‘ಎರಡು ಪಟ್ಟು ಒಳ್ಳೆಯದು’. 1997ರ ಸೆಪ್ಟೆಂಬರಿನಲ್ಲಿ ಕ್ರೀಡಾಕೂಟ ಅಥೆನ್ಸಿನ ಪಾಲಾಯಿತು. ಆಟ ಕೈತಪ್ಪಿದರೂ ಬಡಾವಣೆ ಉಳಿಯಿತು, ಅದರ ಜೊತೆಗೆ ಕಾರ್ಯಕ್ರಮವೂ ಉಳಿಯಿತು. ಜಾಗತಿಕ ಪ್ರದರ್ಶನಕ್ಕಾಗಿ ಬರೆದ ಗುರಿಗಳನ್ನು ಸಾಮಾನ್ಯ ಗೃಹನಿರ್ಮಾಣದ ಲೆಕ್ಕಾಚಾರದೊಳಗೆ ನಿಭಾಯಿಸಬೇಕಾದ ಬಿಕ್ಕಟ್ಟು ಆಗಲೇ ಶುರುವಾಯಿತು.

ಇದರಲ್ಲಿ ನಗರಕ್ಕಿದ್ದ ಬಲ ಜಮೀನಿನದು. ಜಾಗದ ಬಹುಭಾಗ ನಗರದ ಒಡೆತನದಲ್ಲಿದ್ದುದರಿಂದ ನಿವೇಶನ ಹಂಚುವಾಗಲೇ ನಿರ್ಮಾಣ ಸಂಸ್ಥೆಗಳ ಮೇಲೆ ಷರತ್ತು ವಿಧಿಸುವ ಅವಕಾಶವಿತ್ತು. ಇನ್ನೊಂದು ಬಲ ಕಚೇರಿಗಳ ಕೂಡುವಿಕೆಯದು. ಶಕ್ತಿ, ನೀರು ಮತ್ತು ಕಸ ಈ ಮೂರನ್ನು ನೋಡಿಕೊಳ್ಳುತ್ತಿದ್ದ ಸಂಸ್ಥೆಗಳು ಒಂದೇ ಮೇಜಿನ ಸುತ್ತ ಕುಳಿತು, ಒಂದರ ಹೊರಹರಿವು ಇನ್ನೊಂದರ ಒಳಹರಿವಾಗುವಂತೆ ಹೆಣೆದ ಯೋಜನೆಯೇ ‘ಹಮ್ಮರ್‌ಬಿ ಮಾದರಿ’ ಎಂದು ಹೆಸರಾಯಿತು. ಉರಿಯುವ ಕಸ ಊರಿನ ಮನೆಗಳಿಗೆ ಬಿಸಿ ಒದಗಿಸಬೇಕು, ಕೊಳಚೆ ನೀರಿನ ಹೂಳು ಜೈವಿಕ ಅನಿಲವಾಗಬೇಕು, ಶುದ್ಧೀಕರಿಸಿದ ನೀರಿನಲ್ಲಿ ಉಳಿದ ಶಾಖವನ್ನೂ ಹೀಟ್ ಪಂಪ್ ಹಿಂಡಿ ತೆಗೆಯಬೇಕು ಎಂಬುದು ಅದರ ಹಂದರ. ಕಾಗದದ ಮೇಲೆ ಬಾಣಗಳು ಸುತ್ತು ಹೊಡೆಯುವ ಆ ಚಿತ್ರ ಆಮೇಲೆ ಹತ್ತಾರು ದೇಶಗಳ ಯೋಜಕರ ಕಚೇರಿಗಳಿಗೆ ಹೋಯಿತು.

ಷರತ್ತಿನ ಬಲಕ್ಕೆ ಒಂದು ಮಿತಿಯೂ ಇತ್ತು. ಕಾರ್ಯಕ್ರಮವನ್ನು ಬರೆಯುವಾಗ ಮನೆ ಕಟ್ಟುವವರನ್ನು ಕೇಳಿರಲಿಲ್ಲ. ಗುರಿಗಳು ಕಾನೂನಿನಂತೆ ಬದ್ಧವೂ ಆಗಿರಲಿಲ್ಲ. ಗುತ್ತಿಗೆಯ ಮಾತುಕತೆಯಲ್ಲಿ ಯಾವುದು ಗಟ್ಟಿ, ಯಾವುದು ಸಡಿಲ ಎಂಬುದು ಹಂತ ಹಂತಕ್ಕೂ ಹೊಸದಾಗಿ ನಿರ್ಧಾರವಾಗುತ್ತಿತ್ತು.

ಬರೆದಿಟ್ಟ ಗುರಿಗಳು

ಕಸಕ್ಕೆ ಸಂಬಂಧಿಸಿದ ಗುರಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ಅವುಗಳೊಳಗಿನ ಎಳೆದಾಟ ಕಾಣುತ್ತದೆ. 2005ರಿಂದ 2010ರೊಳಗೆ ಮನೆಗಳ ಕಸದ ಒಟ್ಟು ತೂಕ ಕನಿಷ್ಠ ಶೇ. 15ರಷ್ಟು ಇಳಿಯಬೇಕು, ಅಪಾಯಕಾರಿ ಕಸ ಅರ್ಧಕ್ಕೆ ಇಳಿಯಬೇಕು, ಹಸಿ ಕಸದ ಶೇ. 80ರಷ್ಟು ಜೈವಿಕ ಸಂಸ್ಕರಣೆಗೆ ಹೋಗಬೇಕು, ಅದೂ ಗೊಬ್ಬರದ ಸಾರ ಮತ್ತು ಅನಿಲದ ಶಕ್ತಿ ಎರಡೂ ದಕ್ಕುವ ರೀತಿಯಲ್ಲಿ. ಬಡಾವಣೆಯೊಳಗೆ ಕಸದ ಭಾರಿ ವಾಹನಗಳ ಓಡಾಟ, ಸಾಂಪ್ರದಾಯಿಕ ವ್ಯವಸ್ಥೆಯಲ್ಲಿ ಆಗುತ್ತಿದ್ದುದರ ಶೇ. 60ನ್ನು ಮೀರಬಾರದು. ಇವುಗಳ ಪಕ್ಕದಲ್ಲೇ ಇನ್ನೊಂದು ಗುರಿ ಕುಳಿತಿತ್ತು: ಶಕ್ತಿ ತೆಗೆಯಲು ಸಾಧ್ಯವಿರುವ ಮನೆಕಸದ ಶೇ. 99ರಿಂದ ಶಕ್ತಿಯನ್ನು ಪಡೆಯಬೇಕು. ಮರುಬಳಕೆಗೂ ಮರುಸಂಸ್ಕರಣೆಗೂ ಮೊದಲ ಆದ್ಯತೆ ಎಂಬ ಮಾತನ್ನು ಅದಕ್ಕೆ ಸೇರಿಸಲಾಗಿತ್ತು, ನಿಜ. ಆದರೂ ಈ ಕೊನೆಯ ಗುರಿಯನ್ನು ಮುಟ್ಟಲು ಕಸ ಕಡಿಮೆಯಾಗಬೇಕಾಗಿಲ್ಲ ಎಂಬುದನ್ನು ಗಮನದಲ್ಲಿಟ್ಟುಕೊಂಡು ಮುಂದೆ ಓದಬೇಕು.

ಕಟ್ಟುವಾಗಿನ ಕಸ

ದೊಡ್ಡ ಬಡಾವಣೆಯ ಜೀವಮಾನದಲ್ಲಿ ಅತ್ಯಂತ ದಟ್ಟವಾಗಿ ಕಸ ಹುಟ್ಟುವುದು ಜನ ಬಂದ ಮೇಲಲ್ಲ, ಬರುವ ಮುಂಚೆ. ಹಮ್ಮರ್‌ಬಿಯ ಪ್ರಕರಣದಲ್ಲಿ ಎಲ್ಲಕ್ಕಿಂತ ಕಡಿಮೆ ಚರ್ಚೆಯಾದದ್ದೂ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಕಲಿಸುವುದೂ ಈ ಭಾಗವೇ. ನಿರ್ಮಾಣ ಹಂತದ ಕಸದಲ್ಲಿ ಶೇ. 10ಕ್ಕಿಂತ ಹೆಚ್ಚು ಭೂಭರ್ತಿಗೆ ಹೋಗಬಾರದೆಂಬ ಗುರಿಯಿತ್ತು. ಆದರೆ ಕಸದ ಪ್ರಮಾಣದ ಮೇಲೆ ಪರಿಣಾಮ ಬೀರಬಲ್ಲ ಹೆಜ್ಜೆ ಬೇರೆ ಕಡೆಯಿಂದ, ಸಾಗಣೆಯ ತಲೆನೋವಿನಿಂದ ಬಂತು.

ಕಿರಿದಾದ ದಾರಿಗಳು, ಒಂದರ ಪಕ್ಕ ಒಂದರಂತೆ ಏಕಕಾಲಕ್ಕೆ ಏಳುತ್ತಿದ್ದ ಹತ್ತಾರು ಕಟ್ಟಡಗಳು, ಆಗಲೇ ಮುಗಿದ ಹಂತಗಳಲ್ಲಿ ವಾಸಕ್ಕೆ ಬಂದಿದ್ದ ಸಂಸಾರಗಳು. ಇವುಗಳ ನಡುವೆ ಪ್ರತಿ ಗುತ್ತಿಗೆದಾರನೂ ತನ್ನ ತನ್ನ ಸರಕನ್ನು ತನಗೆ ತೋಚಿದ ಹೊತ್ತಿಗೆ ತರಿಸತೊಡಗಿದರೆ ಬಡಾವಣೆ ಉಸಿರುಗಟ್ಟುತ್ತಿತ್ತು. ಆದ್ದರಿಂದ 2000ದ ದಶಕದ ಆರಂಭದಲ್ಲಿ ನಿರ್ಮಾಣ ಸ್ಥಳದ ಬಾಗಿಲಲ್ಲೇ ಒಂದು ಸರಕು ಕೇಂದ್ರವನ್ನು ತೆರೆಯಲಾಯಿತು. ತುಂಬು ಲೋಡಿನ ಲಾರಿಗಳು ಮೊದಲೇ ಸಮಯ ಕಾದಿರಿಸಿ ನೇರವಾಗಿ ಕಟ್ಟಡಕ್ಕೆ ಹೋಗುತ್ತಿದ್ದವು. ಸಣ್ಣಪುಟ್ಟ ಸರಕೆಲ್ಲ ಕೇಂದ್ರದಲ್ಲಿ ಇಳಿದು, ಒಂದೇ ದಿಕ್ಕಿಗೆ ಹೋಗುವ ಸರಕುಗಳೊಂದಿಗೆ ಕೂಡಿ, ಬೇಕಾದ ದಿನ ಬೇಕಾದಷ್ಟೇ ತಲುಪುತ್ತಿತ್ತು. ಈ ಪ್ರಯೋಗ ಐರೋಪ್ಯ ಒಕ್ಕೂಟದ ನಗರ ಸಾರಿಗೆ ಯೋಜನೆಯೊಂದರ ಅಂಗವೂ ಆಗಿತ್ತು. ಖರ್ಚಿನ ಬಹುಪಾಲನ್ನು ಮೊದಲು ನಗರ ಹೊತ್ತು, ಕ್ರಮೇಣ ಕಟ್ಟುವವರ ಪಾಲನ್ನು ಹೆಚ್ಚಿಸಲಾಯಿತು.

ಸಾಗಣೆಗೆಂದು ಮಾಡಿದ ಈ ಏರ್ಪಾಡು ಕಸಕ್ಕೆ ಹೇಗೆ ಸಂಬಂಧಿಸುತ್ತದೆ ಎಂಬುದನ್ನು ಒಂದು ಜಿಪ್ಸಮ್ ಹಲಗೆಯ ಪಾಡಿನಿಂದ ನೋಡಬಹುದು. ಗುತ್ತಿಗೆದಾರ ಒಂದೇ ಸಲಕ್ಕೆ ಇಡೀ ಕಟ್ಟಡಕ್ಕಾಗುವಷ್ಟು ಹಲಗೆ ತರಿಸಿ, ಕಡಿಮೆ ಬಿದ್ದೀತೆಂದು ಇನ್ನಷ್ಟು ಸೇರಿಸಿ, ಬಯಲಲ್ಲಿ ಪೇರಿಸುತ್ತಾನೆ. ಮೇಲೆ ಹೊದಿಸಿದ ಪ್ಲಾಸ್ಟಿಕ್ ಹಾಳೆ ಗಾಳಿಗೆ ಸರಿಯುತ್ತದೆ, ಮಳೆಗೋ ಹಿಮಕ್ಕೋ ಅಂಚಿನ ಹಲಗೆಗಳು ನೆನೆದು ಉಬ್ಬುತ್ತವೆ. ಹಾದುಹೋಗುವ ಯಂತ್ರ ಮೂಲೆಯೊಂದನ್ನು ತಾಗಿಸಿ ಮುರಿಯುತ್ತದೆ. ಒಂದೆರಡು ಕಟ್ಟು ಕಳವಾಗುತ್ತದೆ. ಕೆಲಸ ಮುಗಿದಾಗ ಮಿಕ್ಕದ್ದನ್ನು ಹಿಂದಕ್ಕೆ ಕಳಿಸುವ ಖರ್ಚಿಗಿಂತ ಕಸದ ತೊಟ್ಟಿಗೆ ಎಸೆಯುವುದೇ ಅಗ್ಗವಾಗುತ್ತದೆ. ಅದೇ ಹಲಗೆ ಸೂರಿನಡಿ ಕಾದಿದ್ದು, ಗೋಡೆ ಕೂರಿಸುವ ವಾರದಲ್ಲಿ ಬಂದರೆ ಇಷ್ಟರಲ್ಲಿ ಯಾವ ಹಂತವೂ ನಡೆಯುವುದಿಲ್ಲ. ಅಲ್ಲಿ ವಿಂಗಡಿಸುವುದಕ್ಕೂ ಕರಗಿಸುವುದಕ್ಕೂ ಏನೂ ಇಲ್ಲ, ಏಕೆಂದರೆ ಕಸ ಹುಟ್ಟಿಯೇ ಇಲ್ಲ. ಇಡೀ ಯೋಜನೆಯಲ್ಲಿ ‘ಕಡಿಮೆ ಮಾಡುವುದು’ ಎಂಬ ಮಾತಿಗೆ ತಕ್ಕ ಯಂತ್ರಾಂಗ ಇದ್ದದ್ದು ಇಲ್ಲೊಂದೇ ಕಡೆ. ನಿರ್ಮಾಣದ ಆ ಹಂತ ಮುಗಿದಾಗ ಕೇಂದ್ರವನ್ನೂ ಮುಚ್ಚಲಾಯಿತು.

ಮೂರು ದೂರಗಳು

ಜನ ವಾಸಕ್ಕೆ ಬಂದ ಮೇಲಿನ ವ್ಯವಸ್ಥೆಯ ತಳಹದಿ ದೂರದ ಲೆಕ್ಕ. ಯಾವ ಕಸವನ್ನು ಎಷ್ಟು ದೂರ ಹೊತ್ತುಕೊಂಡು ಹೋಗಲು ಮನುಷ್ಯ ಒಪ್ಪುತ್ತಾನೆ ಎಂಬ ಪ್ರಶ್ನೆಗೆ ಯೋಜಕರು ಮೂರು ಹಂತದ ಉತ್ತರ ಕೊಟ್ಟರು. ದಿನವೂ ಹುಟ್ಟುವ, ಭಾರವಾದ, ಬೇಗ ನಾರುವ ಕಸ ಮನೆಬಾಗಿಲಿನ ಹತ್ತಿರವೇ ಇಳಿಯಬೇಕು; ಹಸಿ ಕಸ, ಉರಿಸಬಹುದಾದ ಮಿಕ್ಕ ಕಸ ಮತ್ತು ಹಳೆಯ ಪತ್ರಿಕೆಗಳು ಈ ಗುಂಪಿಗೆ ಸೇರುತ್ತವೆ. ವಾರಕ್ಕೋ ತಿಂಗಳಿಗೋ ಒಮ್ಮೆ ಕೈಸೇರುವ ಗಾಜು, ಲೋಹ, ಪ್ಯಾಕಿಂಗ್ ವಸ್ತುಗಳು, ಕೆಟ್ಟ ವಿದ್ಯುತ್ ಸಾಧನ, ಹಳೆಯ ಕುರ್ಚಿ ಮೇಜುಗಳಿಗೆ ಆಯಾ ಕಟ್ಟಡಗುಚ್ಛದಲ್ಲೇ ಒಂದು ಕೋಣೆಯಿರಬೇಕು. ಬಣ್ಣ, ಅಂಟು, ದ್ರಾವಕ, ಉಗುರಿನ ಬಣ್ಣದ ಶೀಶೆಯಂಥ ಅಪಾಯಕಾರಿ ವಸ್ತುಗಳು ಬಡಾವಣೆಗೊಂದರಂತೆ ಇರುವ, ನೋಡಿಕೊಳ್ಳುವವರಿರುವ ಕೇಂದ್ರಕ್ಕೆ ಬರಬೇಕು. 2002ರಲ್ಲಿ ತೆರೆದ ‘ಗ್ಲಾಸ್‌ಹುಸೆಟ್’ ಎಂಬ ಗಾಜಿನ ಕಟ್ಟಡ ನಿವಾಸಿಗಳಿಗೆ ಮಾಹಿತಿ ಕೊಡುವ ಕೇಂದ್ರವಾಗಿ ಈ ಕೊನೆಯ ಹಂತಕ್ಕೆ ಒಂದು ಮುಖವನ್ನೂ ಕೊಟ್ಟಿತು.

ಮೇಲುನೋಟಕ್ಕೆ ಇದು ಸಾಮಾನ್ಯ ಬುದ್ಧಿಯ ಮಾತು. ಆದರೆ ಎರಡನೆಯ ಹಂತದ ಕೋಣೆಯನ್ನು ಗಮನಿಸಿ. ನೆಲಮಟ್ಟದಲ್ಲಿ, ಗಾಡಿ ಬಂದು ನಿಲ್ಲುವ ಕಡೆ, ಹತ್ತಾರು ಚದರ ಮೀಟರುಗಳನ್ನು ಮಾರಲಾಗದ ಜಾಗವಾಗಿ ಬಿಟ್ಟುಕೊಡಬೇಕು. ಕಟ್ಟಿ ಮುಗಿದ ಕಟ್ಟಡದಲ್ಲಿ ಅಂಥ ಕೋಣೆಯನ್ನು ಯಾರೂ ಹುಡುಕಿ ಕೊಡಲಾರರು. ಇದ್ದರೆ ಸೈಕಲ್ ನಿಲ್ದಾಣವನ್ನೋ ಅಂಗಡಿಯನ್ನೋ ಕಿತ್ತೇ ಕೊಡಬೇಕು. ನಕ್ಷೆ ಇನ್ನೂ ಖಾಲಿಯಿದ್ದಾಗ ಆ ಕೋಣೆಯನ್ನು ಬರೆಸಿದ್ದು ಹಮ್ಮರ್‌ಬಿಯ ದೊಡ್ಡ ಗೆಲುವು ಎಂದು ನಾನು ಎಣಿಸುತ್ತೇನೆ, ಕೊಳವೆಗಿಂತಲೂ ದೊಡ್ಡದು. ಪ್ಯಾಕಿಂಗ್ ಕಸವನ್ನು ವಾಪಸು ಪಡೆಯುವ ಹೊಣೆಯನ್ನು ಸ್ವೀಡನ್ 1994ರಲ್ಲೇ ಉತ್ಪಾದಕರ ಮೇಲೆ ಹೊರಿಸಿತ್ತಾದರೂ, ಬಹುತೇಕ ಕಡೆ ಜನ ಅದನ್ನು ಬೀದಿ ಮೂಲೆಯ ತೊಟ್ಟಿಗಳವರೆಗೆ ಹೊತ್ತೊಯ್ಯಬೇಕಿತ್ತು. 2027ರ ಹೊತ್ತಿಗೆ ಮನೆಯ ಹತ್ತಿರವೇ ಪ್ಯಾಕಿಂಗ್ ಕಸ ಸಂಗ್ರಹಿಸಬೇಕೆಂಬ ನಿಯಮ ಈಗ ದೇಶಕ್ಕೆಲ್ಲ ಬರುತ್ತಿದೆ. ಹಮ್ಮರ್‌ಬಿಯ ಕಟ್ಟಡಗಳಲ್ಲಿ ಅದಕ್ಕೆ ಬೇಕಾದ ಕೋಣೆ ಎರಡು ದಶಕಗಳಿಂದ ಕಾದು ನಿಂತಿದೆ.

ಕೊಳವೆ

ಕಸವನ್ನು ಗಾಳಿಯಿಂದ ಹೀರಿ ಸಾಗಿಸುವ ವಿದ್ಯೆ ಹಮ್ಮರ್‌ಬಿಗಾಗಿ ಹುಟ್ಟಿದ್ದಲ್ಲ. 1961ರಲ್ಲಿ ಉತ್ತರ ಸ್ವೀಡನ್ನಿನ ಸೊಲೆಫ್ಟಿಯೋ ಆಸ್ಪತ್ರೆಯಲ್ಲಿ ಇಂಥ ಮೊದಲ ವ್ಯವಸ್ಥೆ ಕೂತಿತು. ಅದೇ ದಶಕದಲ್ಲಿ ಸ್ಟಾಕ್‌ಹೋಮಿನ ಪಕ್ಕದ ಸುಂಡ್‌ಬೀಬರ್ಗಿನ ವಸತಿ ಬಡಾವಣೆಯೊಂದಕ್ಕೆ ಬಂತು. ಹಮ್ಮರ್‌ಬಿಯಲ್ಲಿ ಹೊಸದೆಂದರೆ ಒಂದೇ ಕೊಳವೆಜಾಲದಲ್ಲಿ ಬೇರೆ ಬೇರೆ ಬಗೆಯ ಕಸವನ್ನು ಬೆರೆಸದೆ ಸಾಗಿಸುವುದನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಮಾಡಿದ್ದು.

ಅಂಗಳದಲ್ಲಿ ಸೊಂಟದೆತ್ತರದ ಉಕ್ಕಿನ ಕಂಬಗಳು ಸಾಲಾಗಿ ನಿಂತಿರುತ್ತವೆ, ಪ್ರತಿಯೊಂದಕ್ಕೂ ಹಡಗಿನ ಕಿಟಕಿಯಂಥ ದುಂಡು ಬಾಗಿಲು, ಮೇಲೆ ಯಾವ ಕಸ ಎಂಬ ಗುರುತು. ನಿವಾಸಿ ಕಟ್ಟಿದ ಚೀಲವನ್ನು ಒಳಗೆ ಬಿಟ್ಟು ಬಾಗಿಲು ಮುಚ್ಚುತ್ತಾನೆ. ಚೀಲ ಕೆಳಗಿನ ಕವಾಟದ ಮೇಲೆ ಕೂತು ತನ್ನ ಸರದಿಗೆ ಕಾಯುತ್ತದೆ. ಕಂಪ್ಯೂಟರ್ ಹೇಳಿದ ಹೊತ್ತಿಗೆ, ಒಂದೆರಡು ಕಿಲೋಮೀಟರ್ ಒಳಗೆ ಇರುವ ಸಂಗ್ರಹ ಕೇಂದ್ರದಲ್ಲಿ ಫ್ಯಾನುಗಳು ತಿರುಗತೊಡಗುತ್ತವೆ. ಹಸಿ ಕಸದ ಕವಾಟಗಳೆಲ್ಲ ಒಂದೊಂದಾಗಿ ತೆರೆದು ಚೀಲಗಳನ್ನು ಸುಮಾರು ಅರ್ಧ ಮೀಟರ್ ಅಗಲದ ಕೊಳವೆಗೆ ಬೀಳಿಸುತ್ತವೆ. ಅವು ಕೇಂದ್ರ ಮುಟ್ಟಿ ತಮ್ಮ ಕಂಟೇನರ್ ಸೇರಿದ ಮೇಲಷ್ಟೇ ಮುಂದಿನ ಬಗೆಯ ಕಸದ ಸರದಿ. ಸಾಗಿಸಿದ ಗಾಳಿ ಸೋಸಿ ಹೊರಹೋಗುತ್ತದೆ, ತುಂಬಿದ ಕಂಟೇನರನ್ನು ಲಾರಿ ಬಡಾವಣೆಯ ಅಂಚಿನಿಂದಲೇ ಎತ್ತಿಕೊಂಡು ಹೋಗುತ್ತದೆ. ಕೆಲವು ಭಾಗಗಳಲ್ಲಿ ಕೇಂದ್ರದ ಬದಲು ನೆಲದಡಿಯ ತೊಟ್ಟಿಗಳಿದ್ದು, ಹೀರುವ ಯಂತ್ರವುಳ್ಳ ಲಾರಿ ನಿಗದಿತ ತಾಣಕ್ಕೆ ಬಂದು ಕೊಳವೆ ಜೋಡಿಸಿ ಅವನ್ನು ಖಾಲಿಮಾಡುತ್ತದೆ.

ಲಾಭ ಕಣ್ಣಿಗೆ ಕಾಣುವಂಥದ್ದು. ಮಕ್ಕಳು ಆಡುವ ಅಂಗಳಕ್ಕೆ ಕಸದ ಲಾರಿ ಹಿಮ್ಮುಖವಾಗಿ ಬರುವುದಿಲ್ಲ, ತುಂಬಿ ಚೆಲ್ಲಿದ ತೊಟ್ಟಿಯಿಲ್ಲ, ಇಲಿ ಹೆಗ್ಗಣಗಳಿಗೆ ಹಬ್ಬವಿಲ್ಲ, ಕಸ ಎತ್ತುವ ಕಾರ್ಮಿಕರ ಬೆನ್ನಿಗೆ ಭಾರವಿಲ್ಲ. ಇಷ್ಟರಿಂದಲೇ ಕೊಳವೆ ಪರಿಸರಕ್ಕೆ ಒಳ್ಳೆಯದೆಂದು ತೀರ್ಮಾನಿಸುವುದು ಆತುರವಾಗುತ್ತದೆ. ಉಕ್ಕಿನ ಕೊಳವೆ, ಅಗೆತ, ಫ್ಯಾನುಗಳು ಕುಡಿಯುವ ವಿದ್ಯುತ್ ಇವೆಲ್ಲ ಇನ್ನೊಂದು ತಟ್ಟೆಯಲ್ಲಿ ಕೂರಬೇಕು. ಹೆಲ್ಸಿಂಕಿಯ ಹಳೆಯ, ದಟ್ಟವಾದ ವಸತಿ ಪ್ರದೇಶವೊಂದಕ್ಕೆ ಇಂಥ ಜಾಲ ಹಾಕಿದರೆ ಹೇಗೆ ಎಂದು ಲೆಕ್ಕಹಾಕಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸಾಮಗ್ರಿ ತಯಾರಿಕೆಯ ಹೊರೆಯನ್ನೂ ಸೇರಿಸಿದಾಗ ಲಾರಿಗಿಂತ ಕೊಳವೆಯ ಹಸಿರುಮನೆ ಅನಿಲಗಳೇ ಹೆಚ್ಚೆಂದು ಕಂಡಿತು. ಹೊಸ ಬಡಾವಣೆಯಲ್ಲಿ ಹೇಗೂ ನೆಲ ಅಗೆಯುತ್ತಿರುವಾಗ ಹಾಕುವ ಕೊಳವೆಗೆ ಆ ಲೆಕ್ಕ ಹಾಗೆ ಹಾಗೆಯೇ ಅನ್ವಯಿಸುವುದಿಲ್ಲ. ಆದರೂ ಬೀದಿ ಶಾಂತವಾಯಿತು ಎಂಬುದು ಒಂದು ಲಾಭ, ಹೊರೆ ಇಳಿಯಿತು ಎಂಬುದು ಬೇರೆಯೇ ದಾವೆ.

ಕೊಳವೆಗೆ ಅದರದೇ ಹಠಗಳೂ ಇವೆ. ಬಾಗಿಲನ್ನು ಬೇಕೆಂದೇ ಚಿಕ್ಕದಾಗಿ ಮಾಡಿರುತ್ತಾರೆ. ಮಡಚದ ರಟ್ಟಿನ ಪೆಟ್ಟಿಗೆ, ಕೊಡೆ, ಬಟ್ಟೆ ತೂಗುಹಾಕುವ ತಂತಿ ಒಳಗೆ ಹೋದರೆ ಯಾವುದೋ ತಿರುವಿನಲ್ಲಿ ಸಿಕ್ಕಿಕೊಂಡು ಹಿಂದಿನದನ್ನೆಲ್ಲ ತಡೆದು ನಿಲ್ಲಿಸುತ್ತದೆ. ಗಾಜು ಒಡೆದು ಕೊಳವೆಯ ಒಳಮೈಯನ್ನು ಸವೆಸುತ್ತದೆ. ಇದಕ್ಕಿಂತ ಆಳವಾದ ತೊಡಕು ಏನೆಂದರೆ, ಎಷ್ಟು ಬಗೆಯ ಕಸವನ್ನು ಬೇರ್ಪಡಿಸಬಹುದು ಎಂಬುದನ್ನು ಕಂಬಗಳ ಸಂಖ್ಯೆ ಒಮ್ಮೆಗೇ ನಿರ್ಧರಿಸಿಬಿಡುತ್ತದೆ. ಚಕ್ರದ ಡಬ್ಬಿಗಳ ವ್ಯವಸ್ಥೆಯಲ್ಲಿ ನಿಯಮ ಬದಲಾದರೆ ಇನ್ನೊಂದು ಡಬ್ಬಿ ಇಟ್ಟರಾಯಿತು. ಇಲ್ಲಿ ಅಂಗಳ ಅಗೆಯಬೇಕು. ಪತ್ರಿಕೆಗಳ ರಾಶಿಯೇ ಮನೆಯ ದೊಡ್ಡ ಒಣ ಕಸವಾಗಿದ್ದ ಕಾಲದಲ್ಲಿ ಅದಕ್ಕೆಂದು ಒಂದು ಕಂಬ ನೆಟ್ಟರು. ಆ ರಾಶಿ ಇಂದು ಕರಗಿದೆ, ರಟ್ಟು ಮತ್ತು ಪ್ಲಾಸ್ಟಿಕ್ ಬೆಳೆದಿದೆ. ಕಂಬ ಮಾತ್ರ ನೆಟ್ಟಲ್ಲೇ ಇದೆ.

ಹಸಿ ಕಸದ ತಂಟೆ

ಶೇ. 80ರ ಗುರಿಯಿದ್ದ ಹಸಿ ಕಸವೇ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಸಹಜ. ಕಾಗದದ ಚೀಲ ಒದ್ದೆಯಾದರೆ ಕೊಳವೆಯ ಓಟವನ್ನು ತಾಳಲಾರದು. ಆದ್ದರಿಂದ ಜೋಳದ ಪಿಷ್ಟದಿಂದ ಮಾಡಿದ, ಮಣ್ಣಿನಲ್ಲಿ ಕರಗುವ ಚೀಲಗಳನ್ನು ಮನೆಗಳಿಗೆ ಕೊಡಲಾಯಿತು. ಚೀಲ ಮುಗಿದ ದಿನ ನಿವಾಸಿ ಕೈಗೆ ಸಿಕ್ಕ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ತರಕಾರಿ ಸಿಪ್ಪೆ ಕಟ್ಟಿ ಹಾಕಿದರೆ ಕಂಬ ಅದನ್ನು ಬೇಡವೆನ್ನುವುದಿಲ್ಲ. ಯಾರ ಮನೆಯ ಚೀಲ ಎಂದು ಯಾರಿಗೂ ತಿಳಿಯುವುದಿಲ್ಲ. ಡಬ್ಬಿಯಲ್ಲಾದರೆ ಕಸ ಎತ್ತುವವರ ಕಣ್ಣಿಗೆ ತಪ್ಪು ಬೀಳುತ್ತದೆ, ಚೀಟಿ ಅಂಟಿಸಿ ಬಿಟ್ಟುಹೋಗಬಹುದು. ಕೊಳವೆಯ ಹೆಗ್ಗಳಿಕೆಯಾದ ಅದೃಶ್ಯತೆಯೇ ಇಲ್ಲಿ ಅದರ ದೌರ್ಬಲ್ಯವಾಗುತ್ತದೆ. ಮಿಶ್ರವಾಗಿ ಬಂದ ಹಸಿ ಕಸದಿಂದ ಒಳ್ಳೆಯ ಗೊಬ್ಬರವಾಗಲಿ ಅನಿಲವಾಗಲಿ ತೆಗೆಯುವುದು ಕಷ್ಟ. ಅದು ಕೊನೆಗೆ ಉರಿಯುವ ಕಸದ ಜೊತೆ ಸೇರುತ್ತದೆ.

ಸ್ಟಾಕ್‌ಹೋಮ್ ಆಮೇಲೆ ಕಂಡುಕೊಂಡ ದಾರಿ ಈ ದೃಷ್ಟಿಯಿಂದ ಕುತೂಹಲಕರವಾಗಿದೆ. ಒಂದೇ ಬಾಯಿಯ ಕೊಳವೆ ಇರುವ ಕಟ್ಟಡಗಳಿಗೆಂದು, ಹಸಿ ಕಸವನ್ನು ದಪ್ಪ ಹಸಿರು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಉಳಿದ ಕಸದ ಜೊತೆಗೇ ಬಿಡುವ ಪದ್ಧತಿಯನ್ನು ನಗರ ತಂದಿದೆ. ನಗರದ ಕಸ ಸುಡುವ ಸ್ಥಾವರವಿರುವ ಹೋಗ್‌ಡಾಲೆನ್‌ನಲ್ಲಿ ಕ್ಯಾಮರಾ ಕಣ್ಣುಗಳು ಬಣ್ಣ ಗುರುತಿಸಿ ಹಸಿರು ಚೀಲಗಳನ್ನು ಆರಿಸಿ ತೆಗೆಯುತ್ತವೆ. ನಗರದಲ್ಲಿ 2023ರಿಂದಲೂ ದೇಶದಲ್ಲಿ 2024ರಿಂದಲೂ ಹಸಿ ಕಸದ ವಿಂಗಡಣೆ ಕಡ್ಡಾಯವಾಗಿದೆ. ಪ್ರತಿ ಬಗೆಗೊಂದು ಕಂಬ ಎಂಬ ಹಮ್ಮರ್‌ಬಿಯ ತರ್ಕಕ್ಕೆ ಇದು ನೇರ ತಿರುಗುಬಾಣ: ಚೀಲಕ್ಕೆ ಬಣ್ಣ ಹಚ್ಚಿದರೆ ಅಂಗಳ ಅಗೆಯಬೇಕಾಗಿಲ್ಲ.

ಉರಿ

ಉರಿಯುವ ಕಸ ಹೋಗುವುದೂ ಹೋಗ್‌ಡಾಲೆನ್‌ಗೇ. 1970ರಿಂದ ನಡೆಯುತ್ತಿರುವ ಅಲ್ಲಿನ ಸ್ಥಾವರ ಕಸ ಸುಟ್ಟು ವಿದ್ಯುತ್ತನ್ನೂ, ನಗರದ ಮನೆಗಳನ್ನು ಬೆಚ್ಚಗಿಡುವ ಬಿಸಿನೀರನ್ನೂ ಕೊಡುತ್ತದೆ. ಉರಿಯುವ ಕಸವನ್ನು 2002ರಿಂದ, ಜೈವಿಕ ಕಸವನ್ನು 2005ರಿಂದ ಭೂಭರ್ತಿಗೆ ಹಾಕುವುದನ್ನು ಸ್ವೀಡನ್ ನಿಷೇಧಿಸಿದ ಮೇಲೆ ಇಂಥ ಸ್ಥಾವರಗಳಿಗೆ ಬೆಲೆ ಇನ್ನೂ ಹೆಚ್ಚಿತು. ಗುಡ್ಡದಂತೆ ಕಸ ಸುರಿದು ಅದು ಮೀಥೇನ್ ಉಗುಳುತ್ತ ಕೂರುವುದಕ್ಕಿಂತ ಇದು ಎಷ್ಟೋ ಮೇಲು ಎಂಬುದರಲ್ಲಿ ತಕರಾರಿಲ್ಲ.

ಕಸದಿಂದ ರಸ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಕಸವೇ ರಸವಾದ ಮೇಲೆ ಅದನ್ನು ಕಡಿಮೆ ಮಾಡುವ ಹುರುಪು ಎಲ್ಲಿಂದ ಬರಬೇಕು? ಹಮ್ಮರ್‌ಬಿ ಮಾದರಿಯ ಚಿತ್ರದಲ್ಲಿ ಕಸ ಒಂದು ಇಂಧನ. ಅದರಿಂದ ಹೊರಟ ಬಾಣ ಬೆಚ್ಚಗಿನ ಮನೆಗೆ ಬಂದು ಮುಟ್ಟುತ್ತದೆ. ಆ ಬಾಣ ತೆಳ್ಳಗಾದರೆ ಒಳ್ಳೆಯದು ಎಂದು ಚಿತ್ರ ಎಲ್ಲಿಯೂ ಹೇಳುವುದಿಲ್ಲ. ಶೇ. 99ರ ಗುರಿಗೆ ಸ್ಥಾವರವಿತ್ತು, ಕೊಳವೆಯಿತ್ತು, ಅದನ್ನು ನಡೆಸುವ ಸಂಸ್ಥೆಯ ಆದಾಯವಿತ್ತು. ಶೇ. 15ರ ಗುರಿಗೆ ಇದ್ದದ್ದು ಮಾಹಿತಿ ಪತ್ರ ಮತ್ತು ನಿವಾಸಿಗಳ ಸದ್ಭಾವನೆ. ಇವೆರಡೂ ಒಂದೇ ಪುಟದಲ್ಲಿ ಅಚ್ಚಾಗಿದ್ದವು ಎಂಬುದೊಂದೇ ಅವುಗಳ ಸಮಾನತೆ.

ಅಳತೆ

ಕಸ ಶೇ. 15ರಷ್ಟು ಇಳಿಯಿತೇ? ಇದಕ್ಕೆ ಉತ್ತರ ಬೇಕಾದರೆ ಆರಂಭದ ತೂಕ ತಿಳಿದಿರಬೇಕು, ಆಮೇಲೆ ವರ್ಷ ವರ್ಷವೂ ಬಡಾವಣೆಯದಷ್ಟನ್ನೇ ಬೇರೆಯಾಗಿ ತೂಗಬೇಕು, ಅಷ್ಟರಲ್ಲಿ ಎಷ್ಟು ಜನ ಹೊಸದಾಗಿ ಬಂದರು ಎಂಬುದನ್ನೂ ಹೊಂದಿಸಬೇಕು. 2005ರಲ್ಲಿ ಬಡಾವಣೆ ಅರೆಬರೆ ಕಟ್ಟಿತ್ತು, ಪ್ರತಿ ತಿಂಗಳೂ ಜನ ಬರುತ್ತಿದ್ದರು. ಕೊಳವೆಯಲ್ಲಿ ಬಂದ ಕಸವನ್ನು ಕಂಟೇನರ್ ಲೆಕ್ಕದಲ್ಲಿ ತೂಗಬಹುದು, ಆದರೆ ಒಂದು ಕಟ್ಟಡದ್ದು, ಒಂದು ಮನೆಯದು ಎಂದು ಬಿಡಿಸಲಾಗದು. ಕೋಣೆಗಳಲ್ಲಿ ಸಂಗ್ರಹವಾದ ಗಾಜು, ಲೋಹ, ಪ್ಯಾಕಿಂಗ್ ಬೇರೆ ಬೇರೆ ಸಂಸ್ಥೆಗಳ ಗಾಡಿಗಳಲ್ಲಿ ಬಡಾವಣೆಯಾಚೆಯ ಕಸದೊಂದಿಗೆ ಬೆರೆತು ಹೋಗುತ್ತಿತ್ತು. ಆ ಹೊತ್ತಿಗೆ ಬಡಾವಣೆಯ ಪರಿಸರ ಗುರಿಗಳ ಮೌಲ್ಯಮಾಪನ ನಡೆಸಿದ, ಸ್ಟಾಕ್‌ಹೋಮಿನ ಕೆಟಿಎಚ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಎದುರಿಸಿದ ಮುಖ್ಯ ತೊಡಕುಗಳಲ್ಲೊಂದು ಇದೇ: ಹಲವು ಗುರಿಗಳಿಗೆ ಅವನ್ನು ಅಳೆಯುವ ಏರ್ಪಾಡನ್ನು ಮೊದಲೇ ಮಾಡಿರಲಿಲ್ಲ.

ಇನ್ನೊಂದು ಲೆಕ್ಕ ತಪ್ಪಿದ್ದು ಜನರದು. ಮಕ್ಕಳು ಬೆಳೆದು ಮನೆ ಬಿಟ್ಟ ಮೇಲೆ ನಗರದ ಹತ್ತಿರ ಬಂದು ನೆಲೆಸುವ ನಡುವಯಸ್ಸಿನ ದಂಪತಿಗಳೇ ಇಲ್ಲಿಗೆ ಹೆಚ್ಚಾಗಿ ಬರುತ್ತಾರೆಂದು ಯೋಜಕರು ಎಣಿಸಿದ್ದರು. ಬಂದವರು ಎಳೆಯ ಮಕ್ಕಳಿರುವ ಸಂಸಾರಗಳು. ಶಾಲೆಗಳು ಸಾಲದೆ ಹೋದ ಸಂಗತಿ ಎಲ್ಲರಿಗೂ ತಿಳಿದದ್ದು. ಕೂಸಿರುವ ಮನೆಯ ಕಸದ ಚೀಲ ಎಷ್ಟು ತೂಗುತ್ತದೆ, ಅದರಲ್ಲಿ ಡೈಪರಿನ ಪಾಲೆಷ್ಟು ಎಂಬುದನ್ನು ಆ ಮನೆಯವರನ್ನೇ ಕೇಳಬೇಕು. ಯಾರಿಗಾಗಿ ಎಂದು ತಪ್ಪಾಗಿ ಊಹಿಸಿ ಬರೆದ ಶೇಕಡಾವಾರು ಗುರಿ ಮುಟ್ಟದಿದ್ದರೆ, ಸೋತದ್ದು ವ್ಯವಸ್ಥೆಯೋ ಊಹೆಯೋ ಎಂದು ಹೇಳುವುದು ಹೇಗೆ?

ಮುಂದಿನ ಬಡಾವಣೆ

ಹಮ್ಮರ್‌ಬಿಯ ಪಾಠಗಳು ಎಲ್ಲಿಗೆ ಹೋದವು ಎಂದು ನೋಡಲು ಅದೇ ನಗರದ ಈಶಾನ್ಯಕ್ಕೆ ಹೋಗಬೇಕು. ಹಳೆಯ ಬಂದರು ಮತ್ತು ಅನಿಲ ಕಾರ್ಖಾನೆಯ ಜಾಗದಲ್ಲಿ ಏಳುತ್ತಿರುವ ನೂರ್ರಾ ಯೂರ್ಗೋರ್ಡ್‌ಸ್ಟಾಡೆನ್ ಬಡಾವಣೆ ಮುಗಿದಾಗ ಕನಿಷ್ಠ 12,000 ಮನೆಗಳಿರಬೇಕೆಂಬ ಅಂದಾಜಿದೆ. ಅಲ್ಲಿ ನಿರ್ಮಾಣ ಸರಕಿನ ಕೇಂದ್ರ 2013ರಿಂದ ಇದೆ, ಅದನ್ನು ಬಳಸುವುದು ಕಟ್ಟುವವರ ಮರ್ಜಿಗೆ ಬಿಟ್ಟ ವಿಷಯವಲ್ಲ. ನಿವೇಶನ ಪಡೆದವರು ಏನು ಮಾಡಿದೆವು ಎಂಬುದರ ಅಂಕಿಅಂಶಗಳನ್ನು ಹಂತ ಹಂತಕ್ಕೂ ನಗರಕ್ಕೆ ಒಪ್ಪಿಸಬೇಕು. ಹಮ್ಮರ್‌ಬಿಯಲ್ಲಿ ಕೊನೆಗೆ ನೆನಪಾದ ಅಳತೆ ಅಲ್ಲಿ ಷರತ್ತಿನೊಳಗೇ ಬಂತು. ಕೊಳವೆಯೂ ಇದೆ.

ಹಸಿ ಕಸಕ್ಕೆ ಮಾತ್ರ ಅಲ್ಲಿ ಬೇರೆ ದಾರಿ ಹಿಡಿದರು. ಅಡುಗೆಮನೆಯ ಸಿಂಕಿನಡಿಯಲ್ಲಿ ಅರೆಯುವ ಯಂತ್ರ ಕೂರಿಸಿ, ಸಿಪ್ಪೆಯನ್ನೂ ತಟ್ಟೆಯಲ್ಲಿ ಮಿಕ್ಕದ್ದನ್ನೂ ನುಣ್ಣಗೆ ಅರೆದು ಕೊಳಚೆ ನೀರಿನೊಂದಿಗೆ ಬಿಟ್ಟರೆ, ಅದು ಸಂಸ್ಕರಣಾ ಘಟಕದ ಜೈವಿಕ ಅನಿಲದ ತೊಟ್ಟಿಯನ್ನು ತಾನಾಗಿ ತಲುಪುತ್ತದೆ. ಪಿಷ್ಟದ ಚೀಲ ಬೇಡ, ಕಂಬ ಬೇಡ, ತಪ್ಪು ಚೀಲದ ತಂಟೆಯಿಲ್ಲ. ತೂಕದ ಲೆಕ್ಕದಿಂದ ಮಾತ್ರ ಹಸಿ ಕಸ ಮತ್ತೊಮ್ಮೆ ತಪ್ಪಿಸಿಕೊಂಡಿತು, ಈ ಸಲ ಸಿಂಕಿನ ದಾರಿಯಲ್ಲಿ.